ಬಾಗಿಲ ಕಡೆಯ ಎದೆ

ಅವನಿಗೆ ಇಪ್ಪತ್ತೆರಡು ಡಿಗ್ರಿ ಬೇಕು.
ನಿನ್ನೆ ಸಂಜೆಯಿಂದಲೇ ತಣ್ಣನೆ ಕೋಣೆಯಲ್ಲಿ ಕೂರಿಸಿದ್ದೇವೆ,
ಇಲ್ಲದಿದ್ದರೆ ಪಕ್ಕೆಲುಬಿನ ರಬ್ಬರು ಮೆತ್ತಗಾಗಿ
ಸುಳ್ಳು ಹೇಳುತ್ತದೆ.
ಹೊರಗೆ ಸೊಹಾರದ ಬಂದರು ರಸ್ತೆ ನಲವತ್ತಾರಕ್ಕೆ ಕಾದಿದೆ.
ಬಿಸಿಲಲ್ಲಿ ಕೆಲಸ ನಿಷೇಧದ ಹೊತ್ತು; ಗಾರೆಯವರು
ದೊಡ್ಡ ಪೈಪುಗಳ ಒಳಗೆ ಅಡ್ಡಾಗಿದ್ದಾರೆ.
ಅವರ ಪಕ್ಕೆಲುಬಿಗೆ ಎಷ್ಟು ಡಿಗ್ರಿ ಬೇಕು,
ಯಾವ ಕಡತದಲ್ಲೂ ಇಲ್ಲ.

ಬಣ್ಣ ನನ್ನ ಕೆಲಸ.
ಕೆನ್ನೆಗೆ ಕೆಂಪು, ಭುಜಕ್ಕೆ ನೀಲಿ, ಪಕ್ಕೆಗೆ ಹಳದಿ.
ಎಲ್ಲೆಲ್ಲಿ ತಾಗಿತು ಅಂತ ಆಮೇಲೆ ಬಾಗಿಲೇ ಸಾಕ್ಷಿ ಹೇಳಬೇಕು.
ಹಳದಿ ಬಳಿಯುವಾಗ ರೊಡೆಲ್ ಕೇಳಿದ,
ನಿಮ್ಮ ಕಡೆ ಮದುವಣಿಗನಿಗೂ ಹೀಗೇ ಅಲ್ಲವಾ?
ಹೌದು, ಅವನಿಗೆ ಮೊಣಕೈಯಾದರೂ ಇರುತ್ತದೆ, ಅಂದೆ.
ಇವನ ತೋಳು ಅರ್ಧಕ್ಕೇ ಮುಗಿದಿದೆ,
ಅಡ್ಡ ಹಿಡಿಯಲಿಕ್ಕೆ ಏನೂ ಇಲ್ಲ.
ಒಳಗೆ ಉಕ್ಕಿನ ಮೂರೇ ಪಕ್ಕೆಲುಬು,
ಒಂದೊಂದಕ್ಕೂ ಒಂದು ಅಳತೆ.

ಸೈರನ್ನು.
ಒಂಬೈನೂರೈವತ್ತು ಕಿಲೋದ ಬಂಡಿ,
ಮೂತಿಗೆ ಅಲ್ಯುಮಿನಿಯಂ ಜೇನುಗೂಡು, ಗಂಟೆಗೆ ಐವತ್ತು.
ಎವೆ ಮುಚ್ಚಿ ತೆರೆದಾಗ ಎಲ್ಲ ಮುಗಿದು
ಗಾಜಿನ ಹರಳು ಇನ್ನೂ ಉದುರುತ್ತಿತ್ತು.
ಮೇಲಿನದು ಮೂವತ್ತೊಂದು ಮಿಲಿಮೀಟರು. ನಡುವಿನದು ಮೂವತ್ತೆಂಟು.
ಕೆಳಗಿನದು ನಲವತ್ತು. ನಲವತ್ತೆರಡಾದರೂ ಪಾಸೇ.

ಖಮೀಸ್ ಹೇಳುತ್ತಾನೆ,
ಎಷ್ಟು ಒಳಗೆ ಹೋಯಿತು ಅನ್ನುವುದು ಅರ್ಧ ಲೆಕ್ಕ.
ಎಷ್ಟು ಬೇಗ ಹೋಯಿತು, ಅದರಿಂದ ಗುಣಿಸು.
ನಮ್ಮ ದೊಡ್ಡವ್ವ ತಬ್ಬಿದರೆ ಉಸಿರೇ ನಿಲ್ಲುತ್ತಿತ್ತು,
ಅಷ್ಟು ಮಕ್ಕಳಲ್ಲಿ ಒಂದರ ಎಲುಬೂ ಮುರಿಯಲಿಲ್ಲ.
ಅವಳಿಗೆ ಅವಸರವಿರಲಿಲ್ಲ.

ಖಾಜಾಹುಸೇನಿಯ ವ್ಯಾನು ನಮ್ಮ ಶೆಡ್ಡಿಗೆ ಯಾವತ್ತೂ ಬಂದದ್ದಲ್ಲ.
ಅಂಥ ಹಳೆಯದನ್ನು ಯಾರು ತಂದು ಗುದ್ದಿಸುತ್ತಾರೆ?
ಬೆಳಗಿನ ಜಾವ ಖುಬ್ಬೂಸಿನ ಕ್ರೇಟು ತುಂಬಿಕೊಂಡು ಹೊರಟಿದ್ದ,
ವೃತ್ತದಲ್ಲಿ ಇನ್ನೊಬ್ಬ ನಿಲ್ಲಲಿಲ್ಲ.
ಎಡಗಡೆಯಿಂದ.
ಊರಲ್ಲಾದರೆ ಓಡಿಸುವವನ ಬಲಭುಜ ಬಾಗಿಲಿಗೆ.
ಇಲ್ಲಿ ಎಡಭುಜ.
ಸಮುದ್ರ ದಾಟಿದವರೆಲ್ಲ
ಗುಂಡಿಗೆ ಇರುವ ಪಕ್ಕವನ್ನೇ ರಸ್ತೆಗೆ ಕೊಟ್ಟು ಕೂರುತ್ತೇವೆ.
ಲೈಸೆನ್ಸಿನ ಪರೀಕ್ಷೆಯಲ್ಲಿ ಇದನ್ನು ಯಾರೂ ಹೇಳಲಿಲ್ಲ.

ಗಾಯದ ಸಂಭವಕ್ಕೊಂದು ಗೆರೆ ಇದೆ,
ಬಳುಕಿಕೊಂಡು ಮೇಲೆ ಹತ್ತುತ್ತದೆ.
ವಯಸ್ಸು ಕೂಡಿಸಿದರೆ ಇಡೀ ಗೆರೆ ಎಡಕ್ಕೆ ಸರಿಯುತ್ತದೆ.
ರಾತ್ರಿ ಪಾಳಿಯಲ್ಲಿ ಕದ್ದು ಅವನ ಐವತ್ತೆಂಟನ್ನು ಹಾಕಿ ನೋಡಿದೆ.
ಹಾಕಲಿಕ್ಕೆ ಮಿಲಿಮೀಟರು ಇರಲಿಲ್ಲ.
ಅವನ ಎದೆಯೊಳಗೆ ಯಾರೂ ಅಳತೆ ಇಟ್ಟಿರಲಿಲ್ಲ.
ಇದ್ದಿದ್ದರೂ ಗೆರೆ ನೂರಕ್ಕೆ ಇಷ್ಟು ಮಂದಿ ಅನ್ನುತ್ತಿತ್ತು,
ಆ ಇಷ್ಟರಲ್ಲಿ ಹುನಗುಂದದವನು ಇದ್ದಾನೋ ಇಲ್ಲವೋ
ಅದಕ್ಕೆ ಗೊತ್ತಿಲ್ಲ.

ಈಗ ಕೋಣೆಯಲ್ಲಿ, ಮೇಲಿನ ಮಂಚ ನನ್ನದು, ಕೆಳಗಿನದು ಅವನದು.
ಆಸ್ಪತ್ರೆಯಿಂದ ಪ್ಲಾಸ್ಟಿಕ್ಕಿನ ಆಟಿಗೆಯಂಥದ್ದು ಕೊಟ್ಟಿದ್ದಾರೆ,
ಮೂರು ಕೊಳವೆ, ಮೂರು ನೀಲಿ ಚೆಂಡು,
ಉಸಿರು ಎಳೆದರೆ ಏಳಬೇಕು.
ಮೊದಲನೆಯದು ಏಳುತ್ತದೆ.
ಎರಡನೆಯದು ನಡುಗಿ ಕೂರುತ್ತದೆ.
ಮೂರನೆಯದು, ಇನ್ನೂ ಇಲ್ಲ.

ನಿನ್ ಗೊಂಬಿಗೆ ಎಷ್ಟು ಪಕ್ಕೆಲುಬೋ?
ಮೂರು, ಅಂದೆ.
ನಂದೂ ಮೂರ ಮುರದಾವ. ಲೆಕ್ಕ ಚುಕ್ತಾ.
ಅಂದವನಿಗೆ ನಗು ಬರುವ ಹಾಗಾಯಿತು;
ತಡಿ, ತಡಿ, ಅಂತ ಕೈಯೆತ್ತಿ ನನ್ನನ್ನು ನಿಲ್ಲಿಸಿ
ದಿಂಬನ್ನು ಎಡಪಕ್ಕಕ್ಕೆ ತಂದುಕೊಂಡು
ಮೆಲ್ಲಗೆ, ಬಹಳ ಮೆಲ್ಲಗೆ ಒತ್ತಿ ಹಿಡಿದು
ಆಮೇಲೆ ನಕ್ಕ.